ಎಣಿಕೆ ತಪ್ಪುವ ಮೆಟ್ಟಿಲು

ಬೆಳಗಿನ ಆರು ಗಂಟೆ. ಒಂದೇ ಕೋಣೆಯ ಮನೆಯ ಹೊಸ್ತಿಲ ಮೇಲೆ ಕುಳಿತು ಅವರು ಹಳೆಯ ಬ್ಲೇಡಿನಿಂದ ಸೀಮೆಸುಣ್ಣ ಹೆರೆಯುತ್ತಿದ್ದಾರೆ. ದರ್ಜಿಗಳು ಬಟ್ಟೆಯ ಮೇಲೆ ಗುರುತು ಹಾಕುವ ನೀಲಿ ಬಿಲ್ಲೆ ಅದು. ಒಳಗೆ ತಂಗಿ ಇನ್ನೂ ಮಲಗಿದ್ದಾಳೆ. ಅದಕ್ಕೇ ಮಾತಿಲ್ಲ, ಸದ್ದಿಲ್ಲ. ಅಂಚು ಚೂಪಾಗುತ್ತಿದ್ದಂತೆ ಕೆಳಗೆ ಹಾಸಿದ ಕಾಗದದ ಮೇಲೆ ನೀಲಿ ಪುಡಿ ಬೀಳುತ್ತದೆ. ಕಾಗದ ಮಡಚಿಟ್ಟು, ಒದ್ದೆ ಬಟ್ಟೆಯಲ್ಲಿ ಒಂದು ಸುತ್ತು ವೈರನ್ನು ಒರೆಸುತ್ತಾರೆ. ಒರೆಸುವಾಗಲೇ ಬೆರಳುಗಳು ಎಲ್ಲಾದರೂ ಮುರಿದಿದೆಯೇ ಎಂದು ತಡವುತ್ತಾ ಹೋಗುತ್ತವೆ.

ಬೀದಿಯವರು ಅವರನ್ನು ನೆಟ್ಟಕ್ಕ ಎನ್ನುತ್ತಾರೆ. ಎರಡು, ಮೂರು ಮಹಡಿಯ ಮನೆಗಳಲ್ಲಿ ಕೆಳಗಿನ ವೈಫೈ ಮೇಲಿನ ಕೋಣೆಯವರೆಗೂ ಮುಟ್ಟುವಂತೆ ಮಾಡುವುದು ಅವರ ಕೆಲಸ. ಹನ್ನೊಂದು ವರ್ಷ ಬಟ್ಟೆ ಹೊಲಿದವರು. ಸಿದ್ಧ ಉಡುಪಿನ ಅಂಗಡಿಗಳು ಬಂದ ಮೇಲೆ ಅಕ್ಕ ತಂಗಿ ಸರದಿಯಲ್ಲಿ ಕೂರುತ್ತಿದ್ದ ಹೊಲಿಗೆ ಯಂತ್ರದಲ್ಲಿ ಒಬ್ಬರಿಗೆ ಸಾಕಾಗುವಷ್ಟೇ ಕೆಲಸ ಉಳಿಯಿತು. ಯಂತ್ರ ತಂಗಿಗೆ ಬಿಟ್ಟು, ವೈರು ಎಳೆಯುವವರ ಹಿಂದೆ ಏಣಿ ಹಿಡಿಯಲು ಹೋದರು. ಈಗ ಆರು ವರ್ಷದಿಂದ ಏಣಿ ಅವರದೇ. ದಿನಕ್ಕೆ ಮೂರು ಮನೆ, ಒಮ್ಮೊಮ್ಮೆ ನಾಲ್ಕು. ಹತ್ತಿ ಇಳಿಯುವ ಮೆಟ್ಟಿಲು ನಾನೂರಕ್ಕೆ ಕಡಿಮೆಯಿಲ್ಲ.

"ಬಾಗಿಲು ತೆಗೆದವರು ಮೊದಲು ನನ್ನ ಹಿಂದೆ ನೋಡ್ತಾರೆ, ಗಂಡಸರು ಯಾರಾದ್ರೂ ಬರ್ತಿದ್ದಾರಾ ಅಂತ. ನಾನೂ ಒಂದ್ಸಲ ಹಿಂದೆ ತಿರುಗಿ ನೋಡ್ತೀನಿ. ಯಾರೂ ಇರಲ್ಲ. ಆಮೇಲೆ ಇಬ್ರೂ ಒಳಗೆ ಹೋಗ್ತೀವಿ" ಎಂದು, ಅವರ ಒಂದು ದಿನವನ್ನು ಬರೆಯಲು ಜೊತೆಗೆ ಬಂದಿರುವ ನನಗೆ ಹೇಳಿ ನಗುತ್ತಾರೆ.

ಇವತ್ತಿನ ಮೊದಲ ಮನೆ ಮೂರು ಅಂತಸ್ತಿನದು. ಕೆಳಗೆ ಮುಂದಿನ ಅರ್ಧದಲ್ಲಿ ಮನೆಯ ಹಿರಿಯರ ಮಗನ ಮರಗೆಲಸದ ಅಂಗಡಿ. ಹತ್ತಕ್ಕೆ ಅಲ್ಲಿ ಗರಗಸ ಕಿರುಚಲು ಶುರುವಾದರೆ ಪಕ್ಕದವರ ಮಾತೂ ಕೇಳದು. ಅದಕ್ಕೇ ಸೊಸೆ ತನ್ನ ಪಾಠಕ್ಕೆ ತುತ್ತತುದಿಯ ಕೋಣೆಯನ್ನೇ ಆರಿಸಿಕೊಂಡಿದ್ದಾರೆ. ಆನ್‌ಲೈನ್ ಶಾಲೆಯೊಂದು ಅವರಿಗೆ ಗಣಿತದ ಮೇಡಂ ಕೆಲಸ ಕೊಡಬೇಕಾದರೆ ಒಂದು ಪರೀಕ್ಷಾ ಪಾಠ ತಡೆಯಿಲ್ಲದೆ ನಡೆಯಬೇಕು. ಎರಡು ಸಲ ಏಳನೇ ನಿಮಿಷಕ್ಕೇ ಕಡಿದುಹೋಗಿದೆ. ಮೂರನೆಯದು, ಕೊನೆಯದು, ಇವತ್ತು ಹತ್ತು ಗಂಟೆಗೆ.

"ಅಕ್ಕಾ, ಆಗುತ್ತಾ?" ಎಂದು ಬಾಗಿಲಲ್ಲೇ ಕೇಳುತ್ತಾರೆ ಸೊಸೆ. ಕೈಯಲ್ಲಿ ಪಾಠಕ್ಕೆಂದು ಕತ್ತರಿಸಿದ ಕಾಗದದ ವೃತ್ತಗಳಿವೆ.

"ಟೀಚರಮ್ಮ, ಮೊದಲು ಅಳತೆ ತಗೊಳ್ಳೋಣ."

ಈ ಅಳತೆ ಬೇರೆಲ್ಲೂ ಕಾಣದಂಥದು. ಫೋನಿನಿಂದ ಸಿಮ್ ತೆಗೆದು, ಮನೆಯ ವೈಫೈಗೆ ಸೇರಿಸಿ, ತಂಗಿಗೆ ಕರೆ ಮಾಡುತ್ತಾರೆ. ಅತ್ತ ತಂಗಿ ಗುಂಡಿ ಹೊಲಿಯುತ್ತಲೇ ಒಂದು, ಎರಡು, ಮೂರು ಎಂದು ಎಣಿಸುತ್ತಾಳೆ. ಇತ್ತ ಅಕ್ಕ ಒಂದೊಂದೇ ಮೆಟ್ಟಿಲು ಹತ್ತುತ್ತಾರೆ. ಎಲ್ಲಿ ಒಂದು ಅಂಕಿ ಕೇಳದೆ ಜಾರಿತೋ ಅಲ್ಲಿ ಗೋಡೆಗೆ ನೀಲಿ ಗೀಟು.

"ಫೋನಲ್ಲಿ ನಾಲ್ಕು ಗೆರೆ ತೋರಿಸುತ್ತೆ, ಮಾತು ಮಾತ್ರ ಬರಲ್ಲ. ನಂಗೆ ನನ್ನ ಕಿವೀನೇ ಸರಿ."

ಆದರೆ ಇವತ್ತು ಮೆಟ್ಟಿಲಿನವರೆಗೆ ಹೋಗಬೇಕಾಗಿಯೇ ಬರಲಿಲ್ಲ. ಕೆಳಗಿನ ಹಜಾರದಲ್ಲೇ ಏಳಾದ ಮೇಲೆ ಹನ್ನೊಂದು ಕೇಳುತ್ತದೆ.

"ಅಕ್ಕಾ, ನೀನು ಮನೇಲಿದ್ದೀಯೋ ಬಾವೀಲಿದ್ದೀಯೋ?" ಫೋನಿನಿಂದ ತಂಗಿಯ ಕೀಟಲೆ.

ನೆಟ್ಟಕ್ಕ ಕಿಟಕಿಯಿಂದ ಒಳಬಂದ ವೈರಿನ ಬೆನ್ನು ಹತ್ತುತ್ತಾರೆ. ಅದು ಗೋಡೆಗುಂಟ ಹೋಗಿ, ಕಬ್ಬಿಣದ ಬೀರುವಿನ ಹಿಂಬದಿಯಲ್ಲಿ ಕೊರೆದ ತೂತಿನೊಳಗೆ ನುಗ್ಗಿದೆ. ಬೀರುವಿಗೆ ಬೀಗ. ಎದುರಿನ ಕುರ್ಚಿಯಲ್ಲಿ ಮನೆಯ ಹಿರಿಯರು, ಸೊಸೆಯ ಮಾವ. ಮೂವತ್ತು ವರ್ಷ ಕಾರ್ಖಾನೆಯೊಂದರಲ್ಲಿ ಉಗ್ರಾಣ ನೋಡಿಕೊಂಡವರು.

"ತಾತ, ನೆಟ್ಟಿನ ಡಬ್ಬಿ ಇದರೊಳಗಿದೆಯಾ?"

"ಮತ್ತೆ? ಬೆಲೆಬಾಳೋ ವಸ್ತು ಹೊರಗಿಡೋ ಅಭ್ಯಾಸ ನಮಗಿಲ್ಲ."

"ದೀಪ ಹಚ್ಚಿ ಬೀರುವಿನಲ್ಲಿಟ್ಟು ಬೀಗ ಹಾಕ್ತೀರಾ?"

"ದೀಪಕ್ಕೆ ವಾರಂಟಿ ಕಾರ್ಡ್ ಇರುತ್ತೇನಮ್ಮ?"

ಸೊಸೆ ಹಣೆ ಚಚ್ಚಿಕೊಳ್ಳುತ್ತಾರೆ. "ಒಳಗಿರೋದು ಗೊತ್ತಿತ್ತು ಅಕ್ಕ. ಕಬ್ಬಿಣ ಅಡ್ಡ ಬರುತ್ತೆ ಅಂತ ಗೊತ್ತಿರಲಿಲ್ಲ. ಹಿಂದೆ ಬಂದಿದ್ದವರು ಮೇಲಿನ ಕೋಣೇಲಿ ಇನ್ನೊಂದು ಡಬ್ಬಿ ಸಿಕ್ಕಿಸಿ ಹೋದ್ರು, ಅದೂ ಏನೂ ಮಾಡಲಿಲ್ಲ."

"ನೀರೇ ಬರದ ಕಡೆ ಎರಡು ನಲ್ಲಿ ಹಾಕಿದ್ರೂ ಗಾಳೀನೇ ಬರೋದು. ತಾತ, ಬೀಗದ ಕೈ ಕೊಡಿ."

ಹಿರಿಯರು ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿ ಹಿಡಿಯುತ್ತಾರೆ. ಗೋಡೆಯ ಗಡಿಯಾರದಲ್ಲಿ ಒಂಬತ್ತು ಹತ್ತು. "ಉಗ್ರಾಣದಿಂದ ಸಾಮಾನು ಹೊರಗೆ ಹೋಗಬೇಕಾದ್ರೆ ಸಹಿ ಬೇಕು" ಎನ್ನುತ್ತಾರೆ, ತಮಾಷೆಯ ಸುಳಿವೇ ಇಲ್ಲದೆ. ನೆಟ್ಟಕ್ಕ ನೀಲಿ ಬಿಲ್ಲೆ ತೆಗೆದು ಬೀರುವಿನ ಬಾಗಿಲ ಮೇಲೆ ದಪ್ಪ ಅಕ್ಷರಗಳಲ್ಲಿ 'ಡಬ್ಬಿ ಒಂದು, ಹೊರಗೆ' ಎಂದು ಬರೆದು ಕೆಳಗೆ ಸಹಿ ಹಾಕುತ್ತಾರೆ. ಹಿರಿಯರು ಕನ್ನಡಕ ಏರಿಸಿ ಎರಡು ಸಲ ಓದಿ, ಬೀಗ ತೆಗೆಯುತ್ತಾರೆ.

ಡಬ್ಬಿ ಈಗ ಹಜಾರದ ಎತ್ತರದ ಹಲಗೆಯ ಮೇಲೆ, ಮೆಟ್ಟಿಲಿಗೆ ಮುಖಮಾಡಿ ಕುಳಿತಿದೆ. ಮತ್ತೆ ಎಣಿಕೆ. ಹದಿನೈದು ಮೆಟ್ಟಿಲು ಸಲೀಸು. ಇಪ್ಪತ್ತೂ ದಾಟುತ್ತದೆ. ಇಪ್ಪತ್ತಾರನೇ ಮೆಟ್ಟಿಲಲ್ಲಿ ತಂಗಿಯ ಮೂವತ್ತೊಂಬತ್ತು ಕಾಣೆ. ಗೋಡೆಗೆ ಗೀಟು.

"ಎಲ್ಲರೂ ಎಣಿಕೆ ತಪ್ಪಿದ ಜಾಗಕ್ಕೇ ಎರಡನೇ ಡಬ್ಬಿ ಇಡ್ತಾರೆ. ಇನ್ನೂ ಚೆನ್ನಾಗಿ ಕೇಳ್ತಿರೋ ಕಡೆ ಇಡಬೇಕು. ಸರಿಯಾಗಿ ಕೇಳಿಸ್ಕೊಂಡವನೇ ತಾನೇ ಮುಂದಿನವನಿಗೆ ಹೇಳೋದು?" ಎನ್ನುತ್ತಾ ಮೇಲಿನ ಕೋಣೆಯಲ್ಲಿದ್ದ ಆ ಇನ್ನೊಂದು ಡಬ್ಬಿಯನ್ನು ಬಿಚ್ಚಿಕೊಂಡು ಕೆಳಗಿಳಿದು ಬಂದು, ಹದಿನೆಂಟನೇ ಮೆಟ್ಟಿಲಿನ ತಿರುವಿನಲ್ಲಿ ಏಣಿ ನಿಲ್ಲಿಸುತ್ತಾರೆ. ಅಲ್ಲಿ ಪ್ಲಗ್ ಇಲ್ಲ. ಪಕ್ಕದ ಕೋಣೆಯಿಂದ ಕರೆಂಟು ಎಳೆದು ಡಬ್ಬಿ ಕೂರಿಸುವಷ್ಟರಲ್ಲಿ ಒಂಬತ್ತೂ ಮುಕ್ಕಾಲು. ಸೊಸೆ ಮೂರು ಸಲ ಬಂದು ಇಣುಕಿ ಹಿಂದಿರುಗುತ್ತಾರೆ.

ಏಣಿಯ ಮೇಲಿನಿಂದ ನನ್ನ ಕಡೆಗೊಂದು ಮಾತು ಬರುತ್ತದೆ. "ನೀವು ಏನೂ ಕೇಳಲ್ಲ, ಬರೀ ನೋಡ್ತೀರಿ. ಸರಿ, ಇದೊಂದು ಬರ್ಕೊಳ್ಳಿ. ಮನೆ ಕಟ್ಟೋರು ಮೆಟ್ಟಿಲ ತಿರುವಲ್ಲಿ ಒಂದೇ ಒಂದು ಪ್ಲಗ್ ಇಡಿಸಿದ್ರೆ ಸಾಕು. ನಂಗೆ ಬೇರೇನೂ ಬೇಡ."

ನಿಮ್ಮ ಮನೆಯಲ್ಲಿ ವೈಫೈ ಇದೆಯೇ ಎಂದು ನಾನು ಕೇಳಿದ್ದಕ್ಕೆ ಅವರಿಗೆ ನಗು ತಡೆಯಲಾಗುವುದಿಲ್ಲ. "ಇದೆ. ತಂಗಿ ಎಣಿಸ್ಬೇಕಲ್ಲ! ನಮ್ಮದು ಒಂದೇ ಕೋಣೆ. ಮೂಲೆ ಮೂಲೆಗೂ ಬರುತ್ತೆ. ಅಂಥ ಚೆಂದದ ನೆಟ್ಟು ಈ ಊರಲ್ಲಿ ಯಾರಿಗೂ ಇಲ್ಲ."

ಹತ್ತಕ್ಕೆ ಐದು ನಿಮಿಷ. ತುದಿಯ ಕೋಣೆಯಲ್ಲಿ ನಿಂತು ಕೊನೆಯ ಎಣಿಕೆ. ಒಂದರಿಂದ ಐವತ್ತರವರೆಗೆ ಒಂದೂ ಜಾರದು. ನಡುವೆ ತಂಗಿ ಸೀನಿದ್ದೂ ಸ್ಪಷ್ಟವಾಗಿ ಕೇಳುತ್ತದೆ.

"ಸೀನೂ ಬಂತು ಟೀಚರಮ್ಮ. ಶುರು ಮಾಡಿ."

ಬಾಗಿಲು ಮುಚ್ಚುತ್ತದೆ. ನೆಟ್ಟಕ್ಕ ತಿರುವಿಗಿಳಿದು ಬಂದು ಸಾಮಾನು ಚೀಲಕ್ಕೆ ತುಂಬುತ್ತಾರೆ. ಅಂಗಡಿಯ ಗರಗಸ ಎಂದಿನಂತೆ ಕೂಗುತ್ತಿದೆ, ಆದರೆ ಇಲ್ಲಿಗೆ ಮುಟ್ಟುವುದು ಅದರ ಗುಂಯ್ ಮಾತ್ರ. ಮೇಲಿನಿಂದ ಸೊಸೆಯ ದನಿ: ಕಾಲು ಭಾಗ, ಅರ್ಧ ಭಾಗ. ಐದನೇ ನಿಮಿಷ. ಆರು. ಏಳನೇ ನಿಮಿಷಕ್ಕೆ ನೆಟ್ಟಕ್ಕ ಚೀಲದ ಜಿಪ್ ಎಳೆಯುವುದನ್ನೂ ನಿಲ್ಲಿಸುತ್ತಾರೆ. ದನಿ ಕಡಿಯುವುದಿಲ್ಲ. ಎಂಟು. ಒಂಬತ್ತು. ಮಕ್ಕಳು ಒಟ್ಟಿಗೆ ನಕ್ಕದ್ದು ಮುಚ್ಚಿದ ಬಾಗಿಲಿನಾಚೆಯಿಂದ ತೇಲಿಬರುತ್ತದೆ.

ಅಷ್ಟು ಹೊತ್ತಿಗೆ ಹಿರಿಯರು ಗೋಡೆ ಹಿಡಿದು ಮೆಟ್ಟಿಲು ಹತ್ತಿ ಬಂದಿದ್ದಾರೆ. ಡಬ್ಬಿ ಭದ್ರವಾಗಿದೆಯೇ ಎಂದು ಒಮ್ಮೆ ಕತ್ತೆತ್ತಿ ನೋಡಿ, ಏಣಿಯ ಬುಡಕ್ಕೆ ಒರಗಿ ಮೆಟ್ಟಿಲ ಮೇಲೇ ಕೂರುತ್ತಾರೆ. ಮೇಲೆ ಸೊಸೆ ಕೇಳುತ್ತಾರೆ, "ಮುಕ್ಕಾಲರಲ್ಲಿ ಅರ್ಧ ಎಷ್ಟು?" ಮಕ್ಕಳಿಗಿಂತ ಮೊದಲೇ ಇಲ್ಲಿ ಮೆಲುದನಿಯ ಉತ್ತರ ಬರುತ್ತದೆ: "ಎಂಟರಲ್ಲಿ ಮೂರು." ಮೇಲಿನಿಂದ "ಸರಿಯಾದ ಉತ್ತರ!" ಎಂದು ಕೇಳಿದೊಡನೆ ಹಿರಿಯರು ಬೆನ್ನು ನೇರ ಮಾಡಿ ಕೂರುತ್ತಾರೆ.

ಎರಡನೇ ಮನೆಯವರು ಕಾಯುತ್ತಿದ್ದಾರೆ. ನೆಟ್ಟಕ್ಕ ಚೀಲ ಹೆಗಲಿಗೇರಿಸಿ, ಏಣಿಗೆ ಕೈಹಾಕಿ, ಪಿಸುದನಿಯಲ್ಲಿ ಕೇಳುತ್ತಾರೆ.

"ತಾತ, ಸ್ವಲ್ಪ ಪಕ್ಕಕ್ಕೆ ಸರೀತೀರಾ? ಏಣಿ ತಗೋಬೇಕು."