ಗಣಿತದ ಮೇಡಂ ಅವರ ವ್ಯಾನು ಮತ್ತು ಅದರ ಸ್ಟೆಪ್ನಿ

ಗಣಿಗಳು ಜೋರಾಗಿ ನಡೆಯುತ್ತಿದ್ದ ಆ ವರ್ಷಗಳಲ್ಲಿ ನಾನು ಸಂಡೂರಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಮನೆ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ. ದಿನಾ ಬಸ್ಸಿಗೆ ಹೋಗಿಬರುವುದೆಂದರೆ ಅದಿರು ಲಾರಿಗಳ ಹಿಂದೆ ನಿಂತು ನಿಂತು ಹೋಗುವುದು. ಬೆಳಿಗ್ಗೆ ಉಟ್ಟ ಸೀರೆ ಯಾವ ಬಣ್ಣದ್ದೇ ಇರಲಿ, ಸಂಜೆಗೆ ಇಟ್ಟಿಗೆ ಬಣ್ಣಕ್ಕೆ ಬಂದಿರುತ್ತಿತ್ತು. ಕೊನೆಕೊನೆಗೆ ನಾನು ಅಂಗಡಿಯಲ್ಲೇ ಇಟ್ಟಿಗೆ ಬಣ್ಣದ ಸೀರೆ ಆರಿಸತೊಡಗಿದೆ.

ನಮ್ಮ ಶಾಲೆಯ ಗಣಿತದ ಮೇಡಂ ಕೂಡ ಹೊಸಪೇಟೆಯವರೇ. ವೈಷ್ಣವರ ಮನೆತನ, ಐವತ್ತು ದಾಟಿದ ವಯಸ್ಸು, ಒಂದು ಏಕಾದಶಿಯನ್ನೂ ತಪ್ಪಿಸಿದವರಲ್ಲ. ಅವರು ಒಂದು ದಿನ ಊಟದ ಡಬ್ಬಿ ಮುಚ್ಚುತ್ತಾ, "ನಾ ಒಂದು ವ್ಯಾನ್ ತಗೊಂಡೀನಿ. ಡ್ರೈವಿಂಗೂ ಕಲ್ತೀನಿ. ನಾಳಿಂದ ನನ್ನ ಜೋಡಿ ಬರ್ರಿ" ಎಂದರು, ಸೊಪ್ಪು ತಂದೆ ಎನ್ನುವಷ್ಟು ಸಲೀಸಾಗಿ. ನನ್ನ ಜೊತೆ ನಮ್ಮ ಶಾಲೆಯ ಡ್ರಿಲ್ ಮಾಸ್ತರರೂ ಬರುವುದೆಂದಾಯಿತು. ಅವರದು ನಮ್ಮ ಮನೆಯ ಹಿಂದಿನ ಓಣಿ. ಆಳು ದಪ್ಪ, ದನಿ ಗಟ್ಟಿ, ಮೈಮೇಲೆ ಯಾವಾಗಲೂ ಬಿಳಿ ಪ್ಯಾಂಟು ಬಿಳಿ ಅಂಗಿ. "ಗಾಡಿಗೇನಾರ ಆದ್ರ ನಾ ಅದೀನಿ, ನೀವೇನ್ ಚಿಂತಿ ಮಾಡಬ್ಯಾಡ್ರಿ" ಎಂದು ಮೊದಲ ದಿನವೇ ಭರವಸೆ ಕೊಟ್ಟರು.

ವ್ಯಾನು ಹಳೆಯದು. ಅದಕ್ಕೆ ಮುಂಚೆ ಅದು ಕಂಪ್ಲಿಯ ಒಬ್ಬ ಅಕ್ಕಿ ಗಿರಣಿ ಸಾಹುಕಾರರ ಹತ್ತಿರವಿತ್ತು. ಒಳಗೆಲ್ಲ ತೌಡಿನ ವಾಸನೆ. ಮಳೆಗಾಲದಲ್ಲಿ ಹಿಂದಿನ ಸೀಟಿನ ಮ್ಯಾಟಿನ ಕೆಳಗೆ ಭತ್ತ ಮೊಳೆತಿತ್ತು. ನಾನು ಕೀಳಲು ಹೋದಾಗ ಮೇಡಂ, "ಇರ್ಲಿ ಬಿಡ್ರಿ, ಇನ್ನೂ ಎಷ್ಟು ಎತ್ತರ ಬರ್ತದ ನೋಡೋಣ" ಎಂದು ತಡೆದರು.

ಗಾಲಿಗಳದ್ದೇ ಒಂದೊಂದು ತಕರಾರು. ವೇಗ ಸ್ವಲ್ಪ ಹೆಚ್ಚಾದರೆ ಸ್ಟೇರಿಂಗು ಚಳಿಜ್ವರ ಬಂದಂತೆ ನಡುಗುತ್ತಿತ್ತು. ಮೇಡಂ ಅದಕ್ಕೆ ಕಂಡುಕೊಂಡ ಉಪಾಯವೆಂದರೆ ನಿಧಾನ ಹೋಗುವುದು. ಮುಂದಿನ ಟೈರುಗಳು ಒಳಮಗ್ಗುಲಲ್ಲಿ ಮಾತ್ರ ಸವೆದು ಬೋಳಾಗಿದ್ದವು. ಹೊರಗಿನಿಂದ ನೋಡಿದವರಿಗೆ ಹೊಸವುಗಳಂತೆ ಕಾಣುತ್ತಿದ್ದವು. ಎಡಗಡೆಯ ಹಿಂದಿನ ಗಾಲಿಗೆ ನಾಲ್ಕು ನಟ್ಟಿನಲ್ಲಿ ಒಂದು ಇರಲೇ ಇಲ್ಲ. ನಾನು ಹೆದರಿ ಕೇಳಿದರೆ ಡ್ರಿಲ್ ಮಾಸ್ತರರು, "ಆಟೋಕ್ಕ ಗಾಲಿನ ಮೂರು ಇರ್ತಾವ್ರಿ. ನಮಗ ನಟ್ಟು ಮೂರು ಇದ್ರ ಸಾಕಾಗಂಗಿಲ್ಲೇನು?" ಎಂದರು. ಈ ಲೆಕ್ಕವನ್ನು ಗಣಿತದ ಮೇಡಂ ಒಪ್ಪಲಿಲ್ಲ. ಸಂಜೆಯೇ ನಾಲ್ಕನೆಯ ನಟ್ಟು ಹಾಕಿಸಿದರು.

ಆದರೆ ವ್ಯಾನಿನ ಹಿಂಭಾಗದ ಅಡಿಯಲ್ಲಿ ಒಂದು ಕಬ್ಬಿಣದ ತೊಟ್ಟಿಲೊಳಗೆ ಸ್ಟೆಪ್ನಿ, ಅಂದರೆ ಆಪತ್ತಿಗೆಂದು ಇಟ್ಟ ಐದನೆಯ ಗಾಲಿ, ಮಲಗಿತ್ತಲ್ಲ, ಅದನ್ನು ಮಾತ್ರ ಯಾರೂ ಬಗ್ಗಿ ನೋಡಿರಲಿಲ್ಲ. ಇದೆ ಎಂಬ ಧೈರ್ಯವೇ ಸಾಕಾಗಿತ್ತು.

ಹತ್ತನೇ ತರಗತಿಯ ಪಬ್ಲಿಕ್ ಪರೀಕ್ಷೆ ಶುರುವಾಗಿತ್ತು. ಅವತ್ತು ಸಮಾಜ ವಿಜ್ಞಾನ. ನಮ್ಮ ಮೂವರನ್ನೂ ಸಂಡೂರಿನಲ್ಲೇ ಬೇರೊಂದು ಶಾಲೆಗೆ ಕೊಠಡಿ ಮೇಲ್ವಿಚಾರಣೆಗೆ ಹಾಕಿದ್ದರು. ಒಂಬತ್ತೂವರೆಗೆ ಅಲ್ಲಿರಬೇಕು. ಎಂಟಕ್ಕೆ ಮುಂಚೆಯೇ ಹೊರಟೆವು. ಗುಡ್ಡದ ಏರಿನಲ್ಲಿ, ಯಾವುದೋ ಲಾರಿಯಿಂದ ಉದುರಿದ ಅದಿರಿನ ಹೆಂಟೆಯ ಮೇಲೆ ಮುಂದಿನ ಬಲಗಾಲಿ ಹತ್ತಿತು. ಢಮ್ ಎಂದಿತು. ವ್ಯಾನು ಬಲಕ್ಕೆ ವಾಲಿತು. ಮೇಡಂ ಗಟ್ಟಿಯಾಗಿ ದೇವರ ನಾಮ ಹೇಳುತ್ತಾ ಅದನ್ನು ಪಕ್ಕಕ್ಕೆ ತಂದು ನಿಲ್ಲಿಸಿದರು.

ಡ್ರಿಲ್ ಮಾಸ್ತರರು ಇಳಿದು ತೋಳು ಮಡಚಿದರು. "ಹತ್ತು ನಿಮಿಷದ ಕೆಲ್ಸ" ಎಂದರು.

ಮೊದಲಿಗೆ ಜ್ಯಾಕು ಕೆಂಪು ಧೂಳಿನಲ್ಲಿ ಇಳಿಯಿತೇ ಹೊರತು ವ್ಯಾನು ಏಳಲಿಲ್ಲ. ನಾನು ಒಂದು ಚಪ್ಪಟೆ ಕಲ್ಲು ಹುಡುಕಿ ತಂದು ಕೆಳಗೆ ಕೊಟ್ಟೆ. ಗಾಲಿ ನೆಲ ಬಿಟ್ಟಿತು. ಮಾಸ್ತರರು ಪಾನಾ ಹಾಕಿ ನಟ್ಟು ತಿರುವಿದರೆ ಗಾಲಿಯೂ ಅದರ ಜೊತೆಗೇ ಗರಗರ ತಿರುಗಿತು. ಮತ್ತೆ ತಿರುವಿದರು, ಮತ್ತೆ ತಿರುಗಿತು. ಸ್ವಲ್ಪ ಹೊತ್ತು ನೋಡುತ್ತಾ ನಿಂತ ಮೇಡಂ, "ಮಾಸ್ತರ, ಗಾಲಿ ಗಾಳ್ಯಾಗ ಅದ. ಹಿಡಕೊಳ್ಳೋದು ಯಾರು? ಮೊದಲ ಕೆಳಗ ಇಳಸ್ರಿ, ನಟ್ಟು ಸಡಿಲ ಮಾಡ್ರಿ, ಆಮ್ಯಾಲೆ ಎತ್ರಿ" ಎಂದರು.

"ಅದ ನಾನೂ ಹೇಳೋನಿದ್ದೆ" ಎಂದು ಮಾಸ್ತರರು ಇಳಿಸಿದರು.

ನಟ್ಟುಗಳು ಆದರೂ ಜಗ್ಗಲಿಲ್ಲ. ಮಾಸ್ತರರು ಪಾನಾದ ಮೇಲೆ ಹತ್ತಿ ನಿಂತು ಕುಣಿದರು. ಮೂರನೆಯ ಕುಣಿತಕ್ಕೆ ಪಾನಾ ಜಾರಿತು. ಅವರು ಆ ಬಿಳಿ ಪ್ಯಾಂಟಿನಲ್ಲೇ ಧೂಳಿನಲ್ಲಿ ಕುಳಿತುಬಿಟ್ಟರು. ಎದ್ದಾಗ ಹಿಂಭಾಗದಲ್ಲಿ ದೊಡ್ಡ ಕೆಂಪು ಚಂದ್ರ ಮೂಡಿತ್ತು. ನಾನು ನಗಬಾರದೆಂದು ಗುಡ್ಡದ ಕಡೆ ತಿರುಗಿ ನಿಂತೆ. ಮೇಡಂ ಆಗಲೇ ಆ ಕಡೆ ತಿರುಗಿದ್ದರು.

ಗುಡ್ಡದ ಸಂದಿಯಲ್ಲಿ ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಎಂಟೂವರೆಯಾಯಿತು. ನಗು ಹೋಗಿ ನಾನು ಮತ್ತೆ ಮತ್ತೆ ಗಡಿಯಾರ ನೋಡತೊಡಗಿದೆ. ಪರೀಕ್ಷೆಯ ದಿನ ಮೂವರೂ ಒಟ್ಟಿಗೆ ತಡವಾದರೆ ಏನೆಂದು ಉತ್ತರ ಕೊಡುವುದು? ಅಷ್ಟರಲ್ಲಿ ಗಣಿಯ ಕಡೆ ಖಾಲಿ ಹೋಗುತ್ತಿದ್ದ ಒಂದು ಟಿಪ್ಪರ್ ನಿಂತಿತು. ಇಳಿದ ಡ್ರೈವರು ಆಂಧ್ರದ ಕಡೆಯವನು, ಮೂವತ್ತರ ಆಸುಪಾಸು, ತಲೆಗೆ ಟವೆಲ್ ಸುತ್ತಿದ್ದ.

"ಏಂ ಮೇಡಂ, ಪಂಚರಾ? ಸರೀರಿ, ನೋಡ್ತೀನಿ."

ಅವನು ತನ್ನ ಗಾಡಿಯಿಂದ ಮಾರುದ್ದದ ಪೈಪು ತಂದು ಪಾನಾದ ಹಿಡಿಗೆ ತೊಡಿಸಿ ಒಂದು ಕೈಯಲ್ಲಿ ಒತ್ತಿದ. ನಾಲ್ಕು ನಟ್ಟೂ ಕಿರ್ ಎಂದು ಬಿಟ್ಟವು. ಜ್ಯಾಕಿನಿಂದ ಎತ್ತಿದ ಮೇಲೂ ತುಕ್ಕಿಗೆ ಅಂಟಿಕೊಂಡಿದ್ದ ಗಾಲಿಯನ್ನು ಒಳಗಿನಿಂದ ಒದ್ದು ಕಳಚಿದ. "ಸ್ಟೆಪ್ನಿ ಕೊಡ್ರಿ" ಎಂದ.

ಸ್ಟೆಪ್ನಿಯ ತೊಟ್ಟಿಲಿನ ಬೋಲ್ಟು ತುಕ್ಕು ಹಿಡಿದು ಧೂಳು ಮೆತ್ತಿ ಮಣ್ಣಿನ ಉಂಡೆಯಂತಾಗಿತ್ತು. ಅವನು ಡೀಸೆಲ್ ಸುರಿದ, ಸುತ್ತಿಗೆಯಿಂದ ತಟ್ಟಿದ, ಪೈಪು ಹಾಕಿದ. ಕೊನೆಗೆ ತೊಟ್ಟಿಲು ಧಡಾರನೆ ಬಿತ್ತು. ಸ್ಟೆಪ್ನಿ ಹೊರಬಂತು. ಟೈರು ಗಟ್ಟಿಯಾಗಿತ್ತು, ಗಾಳಿಯೂ ಇತ್ತು. ಮಾಸ್ತರರು ಚಪ್ಪಾಳೆ ತಟ್ಟಿದರು. ಡ್ರೈವರು ಅದನ್ನು ಎತ್ತಿ ತಂದು ಕೂರಿಸಲು ಹೋಗಿ ನಿಂತುಬಿಟ್ಟ.

"ಮೇಡಂ, ಇದಕ್ಕ ಐದು ತೂತು ಅದಾವು. ನಿಮ್ಮ ಗಾಡಿಗೆ ಬೋಲ್ಟು ನಾಕ."

ನಾವು ನಾಲ್ವರೂ ಬಗ್ಗಿ ಎಣಿಸಿದೆವು. ಒಬ್ಬರಾದ ಮೇಲೆ ಒಬ್ಬರು ಮುಟ್ಟಿ ಎಣಿಸಿದೆವು. ಐದೇ. ಅದು ಬೇರೆ ಯಾವುದೋ ಗಾಡಿಯ ಗಾಲಿ. ಡ್ರಿಲ್ ಮಾಸ್ತರರು, "ಒಂದು ತೂತು ಖಾಲಿ ಬಿಟ್ರ?" ಎಂದು ಕೇಳಿದರು. ಮೇಡಂ ಮಾಸ್ತರರ ಕಡೆ ಕೊನೇ ಬೆಂಚಿನವರನ್ನು ನೋಡುವ ಹಾಗೆ ನೋಡಿದರು.

ಡ್ರೈವರು ತಡಮಾಡಲಿಲ್ಲ. ವ್ಯಾನಿನ ಅಡಿಗೆ ಕಲ್ಲು ಜೋಡಿಸಿ ಆಸರೆ ಕೊಟ್ಟ, ಒಡೆದ ಗಾಲಿಯನ್ನು ಟಿಪ್ಪರಿನೊಳಗೆ ಎಸೆದ. "ಹತ್ರಿ, ಜಲ್ದಿ. ಸಂಡೂರಿಗೆ ಬಿಟ್ಟು ಹೋಗ್ತೀನಿ."

ಟಿಪ್ಪರಿನ ಮೆಟ್ಟಿಲು ನನ್ನ ಸೊಂಟದ ಎತ್ತರಕ್ಕಿತ್ತು. ಮೇಡಂ ಸೆರಗು ಸಿಕ್ಕಿಸಿ ಮೊದಲು ಹತ್ತಿ, ಮೇಲಿಂದ ನನ್ನ ಕೈ ಹಿಡಿದು ಎಳೆದರು. ಕೆಳಗಿನಿಂದ ಮಾಸ್ತರರು, "ಎಡಗಾಲು! ಎಡಗಾಲು!" ಎಂದು ಕವಾಯತು ಹೇಳಿದರು. ಮೂವರೂ ಒತ್ತಿ ಕುಳಿತೆವು. ಅಷ್ಟು ಎತ್ತರದಿಂದ ನಾನು ಆ ರಸ್ತೆಯನ್ನು ಎಂದೂ ನೋಡಿರಲಿಲ್ಲ. ಕೆಂಪು ಗುಡ್ಡಗಳು, ಅವುಗಳ ನಡುವೆ ಹಸಿರು, ಕೆಳಗೆ ಆಟಿಕೆಯಂತೆ ಬಸ್ಸು. ದಿನಾ ಬೈದುಕೊಂಡು ಹೋಗುತ್ತಿದ್ದ ದಾರಿ ಇಷ್ಟು ಚೆಂದವಿದೆಯೇ ಎನಿಸಿತು.

"ಯಾವ ಸಬ್ಜೆಕ್ಟ್ ಮೇಡಂ ನೀವು?" ಎಂದು ಡ್ರೈವರು ಕೇಳಿದ.

"ಲೆಕ್ಕ" ಎಂದರು ಮೇಡಂ.

ಅವನು ಜೋರಾಗಿ ನಕ್ಕ. "ಹತ್ತನೇ ಕ್ಲಾಸಿಗೆ ಮೂರು ಸಲ ಕುಂತೆ, ಮೂರು ಸಲಾನೂ ಲೆಕ್ಕದಾಗ ಹೋತು. ಈಗ ಲೆಕ್ಕದ ಮೇಡಂನ ನಾನ ಪರೀಕ್ಷಾಕ್ಕ ಕರ್ಕೊಂಡ್ ಹೊಂಟೀನಿ ನೋಡ್ರಿ!"

"ನಾಲ್ಕೂ ಐದೂ ಬ್ಯಾರೆ ಅಂತ ನಮಗಿಂತ ಮೊದಲ ಕಂಡು ಹಿಡದವನು ನೀನಪ್ಪ. ನಾನಿದ್ರ ಪಾಸ್ ಮಾಡ್ತಿದ್ದೆ" ಎಂದರು ಮೇಡಂ. ಅವನಿಗೆ ಎಷ್ಟು ಖುಷಿಯಾಯಿತೆಂದರೆ ಅಲ್ಲಿಂದ ಸಂಡೂರಿನವರೆಗೂ ಹಾರ್ನು ಹೊಡೆಯುತ್ತಲೇ ಹೋದ.

ಪರೀಕ್ಷೆ ನಡೆಯುವ ಶಾಲೆಯ ಗೇಟಿನ ಮುಂದೆ ಟಿಪ್ಪರ್ ನಿಂತಾಗ ಒಂಬತ್ತು ಇಪ್ಪತ್ತು. ಅಲ್ಲಿಯ ಹೆಡ್‌ಮಾಸ್ತರರು ಕೈ ಬೀಸುತ್ತಾ ಓಡಿಬಂದರು. "ಏ, ಪರೀಕ್ಷಾ ಟೈಮಿನ್ಯಾಗ ಲೋಡ್ ತರಬ್ಯಾಡ ಅಂದಿದ್ದೆ! ಕಟ್ಟಡದ ಮರಳು ಆಮ್ಯಾಲೆ, ತಿರುಗಿಸು ಗಾಡಿ!" ಬಾಗಿಲು ತೆರೆಯಿತು. ಮೊದಲು ಮೇಡಂ ಇಳಿದರು, ಆಮೇಲೆ ನಾನು, ಕೊನೆಗೆ ಕೆಂಪು ಚಂದ್ರ ಹೊತ್ತ ಡ್ರಿಲ್ ಮಾಸ್ತರರು. ಪರೀಕ್ಷೆಯ ಹೆದರಿಕೆಯಲ್ಲಿ ಪುಸ್ತಕ ತಿರುವುತ್ತಿದ್ದ ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಅವತ್ತು ನನ್ನ ಕೊಠಡಿಯ ಮಕ್ಕಳು ಬಹಳ ಹಗುರ ಮನಸ್ಸಿನಿಂದ ಬರೆದರು. ಪರೀಕ್ಷೆ ಮುಗಿಯುವವರೆಗೂ ಮಾಸ್ತರರು ಗೋಡೆಗೆ ಬೆನ್ನು ಕೊಟ್ಟೇ ಮೇಲ್ವಿಚಾರಣೆ ಮಾಡಿದರು.

ಮಧ್ಯಾಹ್ನ ಸಂಡೂರಿನ ಪಂಚರ್ ಅಂಗಡಿಯ ಮುದುಕ ಚಾಚಾ, ಡ್ರೈವರು ಅಲ್ಲಿ ಇಳಿಸಿಹೋಗಿದ್ದ ಒಡೆದ ಗಾಲಿಗೆ ಬೇರೆ ಟೈರು ಹಾಕಿ, ಆಟೋದಲ್ಲಿ ನಮ್ಮ ಜೊತೆಯೇ ವ್ಯಾನಿದ್ದಲ್ಲಿಗೆ ಬಂದರು. ಕೂರಿಸುವಾಗ ಒಂದೊಂದನ್ನೂ ಹೇಳಿಕೊಟ್ಟರು. "ನಟ್ಟು ಸಾಲಾಗಿ ಬಿಗೀಬ್ಯಾಡ್ರಿ ಬೇಟಿ, ಎದುರಾ ಬದರಾ ಬಿಗೀರಿ. ಬೋಲ್ಟಿಗೆ ಗ್ರೀಸ್ ಹಚ್ರಿ. ಸ್ಟೆಪ್ನಿ ತಿಂಗಳಿಗೊಮ್ಮಿ ಇಳಿಸಿ ನೋಡ್ರಿ." ಮೇಡಂ ಪ್ರಶ್ನೆಪತ್ರಿಕೆಯ ಹಿಂದೆ ಎಲ್ಲವನ್ನೂ ಚಿತ್ರ ಸಮೇತ ಬರೆದುಕೊಂಡರು.

ಮನೆಗೆ ಬಂದು ಮೇಡಂ ಕಂಪ್ಲಿಗೆ ಫೋನು ಮಾಡಿದರು. ಆ ಕಡೆಯಿಂದ ಸಾಹುಕಾರರು ಕೂಗಿದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು. "ಅಯ್ಯ ಶಿವನ! ಅದು ನಮ್ಮ ಜೀಪಿಂದ್ರೀ! ಎಲ್ಲಿ ಹೋತು ಅಂತ ಗಿರಣಿ ಹಮಾಲರನ್ನೆಲ್ಲ ಕೇಳಿ ಕೇಳಿ ಸಾಕಾಗಿತ್ತು. ಬರ್ರಿ ಬರ್ರಿ, ನಿಮ್ದು ಇಲ್ಲೇ ಐತಿ."

ಭಾನುವಾರ ಮೂವರೂ ಕಂಪ್ಲಿಗೆ ಹೋದೆವು. ನಮ್ಮ ನಾಲ್ಕು ತೂತಿನ ಗಾಲಿ ಗಿರಣಿಯ ಅಂಗಳದಲ್ಲಿ ಭತ್ತದ ರಾಶಿಗೆ ಹೊದಿಸಿದ ತಾಡಪಾಲು ಹಾರದಂತೆ ಭಾರಕ್ಕೆ ಕುಳಿತಿತ್ತು. ಸಾಹುಕಾರರು ಅದನ್ನು ತೊಳೆಸಿ, ಗಾಳಿ ತುಂಬಿಸಿ, ಕುಂಕುಮ ಹಚ್ಚಿ ಕೊಟ್ಟರು. ಅವರ ಹೆಂಡತಿ "ಊಟಾ ಮಾಡ್ದ ಹೋದ್ರ ನಾ ಬಿಡಂಗಿಲ್ಲ, ಕುಂದ್ರಿ" ಎಂದು ರೊಟ್ಟಿ, ಎಣ್ಣೆಗಾಯಿ ಬಡಿಸಿದರು. ಏಕಾದಶಿ ಎಂದು ಮೇಡಂ ಬರೀ ಹಾಲು, ಬಾಳೆಹಣ್ಣು ತೆಗೆದುಕೊಂಡರು. ಅವರ ಪಾಲಿನ ಎಣ್ಣೆಗಾಯಿಯನ್ನೂ ಡ್ರಿಲ್ ಮಾಸ್ತರರೇ ವಹಿಸಿಕೊಂಡರು.

ಮುಂದಿನ ರಜೆಯಲ್ಲಿ ಮೇಡಂ ತಮ್ಮ ಮನೆಯ ಮುಂದೆ ನಮಗೆ ಪಾಠ ಮಾಡಿದರು. ಸಡಿಲಿಸು, ಎತ್ತು, ಕಳಚು, ಕೂರಿಸು, ಇಳಿಸು, ಬಿಗಿ. ಓಣಿಯವರೆಲ್ಲ ಕಟ್ಟೆಯ ಮೇಲೆ ಕುಳಿತು ನೋಡಿದರು. ಮೊದಲ ಸಲ ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಕೈಯಲ್ಲಿ ಗುಳ್ಳೆ ಎದ್ದವು. ಆದರೆ ಗಾಲಿ ನನ್ನ ಕೈಯಿಂದ ತನ್ನ ಜಾಗದಲ್ಲಿ ಹೋಗಿ ಕುಳಿತಾಗ ಆದ ಸಂತೋಷವನ್ನು ಹೇಗೆ ಹೇಳಲಿ? ಅವತ್ತು ರಾತ್ರಿ ಊಟಕ್ಕೆ ಕುಳಿತಾಗಲೂ ಮನೆಯವರಿಗೆ ಅದನ್ನೇ ಹೇಳುತ್ತಿದ್ದೆ.

ಜೂನಿನಲ್ಲಿ ಶಾಲೆ ತೆರೆದ ವಾರವೇ ಮತ್ತೆ ಪಂಚರಾಯಿತು, ಈ ಸಲ ಹಿಂದಿನ ಗಾಲಿ. ಮಾಸ್ತರರು ತೋಳು ಮಡಚುವ ಮೊದಲೇ ನಾನು, "ನೀವು ನಮ್ಮ ಚೀಲ ಹಿಡ್ಕೊಳ್ರಿ ಮಾಸ್ತರ" ಎಂದು ಪಾನಾ ಕೈಗೆ ತೆಗೆದುಕೊಂಡೆ. ಮೇಡಂ ಸ್ಟೆಪ್ನಿ ಇಳಿಸಿದರು. ಸಾಲುಗಟ್ಟಿ ನಿಂತಿದ್ದ ಲಾರಿಗಳ ಡ್ರೈವರುಗಳು ಕಿಟಕಿಯಿಂದ ತಲೆ ಹೊರಹಾಕಿ ನೋಡಿದರು. ಒಬ್ಬ "ಮಸ್ತ್ ಅಕ್ಕಾ!" ಎಂದು ಕೂಗಿದ. ಶಾಲೆಯಲ್ಲಿ ಪ್ರಾರ್ಥನೆ ಶುರುವಾಗುವ ಹೊತ್ತಿಗೆ ನಾನು ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದೆ.