ಕಾಕಾ ಹೇಳುತ್ತಿದ್ದ ರಕ್ತ

ಮೊನ್ನೆ ಬೇಗಂ ಬಜಾರಿನಲ್ಲಿ ಒಣಮೆಣಸಿನಕಾಯಿ ಕೊಳ್ಳಲು ನಿಂತಿದ್ದೆ. ಪಕ್ಕದ ಅಂಗಡಿಯವನು ನಶ್ಯದ ಡಬ್ಬಿ ತೆರೆದ. ನನಗೊಂದು ಸೀನು ಬಂತು, ಅದರ ಬೆನ್ನಿಗೇ ಸದಾ ನಶ್ಯ ಏರಿಸುತ್ತಿದ್ದ ತಾರ್ನಾಕದ ಕಾಕಾ ನೆನಪಾದರು. ಬೇಡವೆಂದರೂ ನೆನಪಾಗುವ ಮನುಷ್ಯ.

ಅವರು ನಮ್ಮ ಮಗ್ಗುಲ ಮನೆಯವರು, ಕಲಬುರಗಿ ಕಡೆಯವರು, ಸರ್ಕಾರಿ ನೌಕರಿಯಿಂದ ನಿವೃತ್ತರಾಗಿದ್ದರು. ದಸರೆಯ ಸಂಜೆ ಬನ್ನಿ ಕೊಡಲು ಹೋದರೆ ಸುಮ್ಮನೆ ಆಶೀರ್ವಾದ ಮಾಡಿ ಕಳಿಸುವವರಲ್ಲ. ಎದುರಿಗೆ ಕೂರಿಸಿಕೊಂಡು, ನಿಜಾಮರ ಕಾಲದಲ್ಲಿ ಜಾಗೀರು ಆಳಿದ ತಮ್ಮ ಮುತ್ತಜ್ಜನ ಕಥೆ ಹೇಳುತ್ತಿದ್ದರು. ಮಗನ ಗಣಿತಕ್ಕೂ ತಮ್ಮ ಕೋಪಕ್ಕೂ ಅವರಿಗೆ ಒಂದೇ ಕಾರಣ: "ನಮ್ಮ ರಕ್ತದಾಗ ಐತಿ." ಸಕ್ಕರೆ ಕಾಯಿಲೆ ಮಾತ್ರ ಈ ಊರಿನ ಚಹಾದಿಂದ ಬಂದದ್ದಂತೆ.

ನಾನು ಅನಾಥಾಶ್ರಮದಿಂದ ಬಂದ ಕೂಸು. ಅದು ಓಣಿಗೆಲ್ಲ ಗೊತ್ತಿತ್ತು. ಅವ್ವ ನನ್ನನ್ನು ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ಬಂದ ದಿನ ಮನೆಮನೆಗೆ ಪೇಡೆ ಹಂಚಿದವರೇ ಕಾಕಾ. ಹೆಗಲ ಮೇಲೆ ಹೊತ್ತು ತಿರುಗಿದವರು, ಸೈಕಲ್ ಕಲಿಸಿದವರು... ಅವರಿಗೆ ನಾನು ಬೇರೆಯವಳು ಅಂತ ನನಗೆ ಕನಸಿನಲ್ಲೂ ಅನಿಸಿರಲಿಲ್ಲ.

ಹೈಟೆಕ್ ಸಿಟಿಯಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ವರ್ಷಗಳವು. ನನಗೂ ಕಾಕಾನ ಮಗನಿಗೂ ಒಂದೇ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಅದೂ ಅವರ ರಕ್ತದಲ್ಲೇ ಇತ್ತಂತೆ. ಜಾಗೀರದಾರರಿಗೆ ಕಂಪ್ಯೂಟರು ಯಾವಾಗ ಬಂತೋ. ನನಗೆ ಹೇಗೆ ಬಂತು ಅಂತ ಯಾರೂ ಕೇಳಲಿಲ್ಲ. ಕಂಪನಿಯ ಬಸ್ಸಿನಲ್ಲಿ ಜೊತೆಗೆ ಓಡಾಡುತ್ತಾ, ಮದುವೆಯಾಗುವುದೆಂದು ನಾವಿಬ್ಬರೂ ಮಾತಾಡಿಕೊಂಡೆವು.

ಅವ್ವ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಕೇಳಲು ಹೋದಳು. ನಾನೂ ಹಿಂದೆ ಹೋದೆ. ಕಾಕಾ ತಟ್ಟೆ ಮುಟ್ಟಲಿಲ್ಲ.

"ಹುಡುಗಿ ಭಾಳ ಚಲೋ ಅದಾಳರಿ. ಆದ್ರ ಯಾರ ರಕ್ತ ಅಂತ ಹೇಳೂಣು? ನಮ್ಮ ಮನೆತನ ಎಂಥಾದ್ದು, ನಿಮಗ ಗೊತ್ತೈತಲ್ಲ."

ಊರಿಂದ ಬಂದಿದ್ದ ಅವರ ಅಕ್ಕ ಅಡುಗೆಮನೆಯಿಂದ ಹೊರಗೆ ಬಂದರು. "ತಮ್ಮಾ, ಜಾಗೀರದಾರಗ ಮಕ್ಕಳ ಇರಲಿಲ್ಲ. ನಮ್ಮ ಅಜ್ಜ ದತ್ತಕ ಬಂದಾವ. ಬೀದರ ಕಡೆ ಯಾರೋ ಬಡವರ ಕೂಸು. ನಿನಗ ಗೊತ್ತಿಲ್ಲೇನು?"

ಕಾಕಾಗೆ ಗೊತ್ತಿತ್ತು. ಅವರ ಮುಖ ಚೂರೂ ಬದಲಾಗಲಿಲ್ಲ. "ಅದು ಬ್ಯಾರೆ. ಹಿರಿಯಾರ ಮುಂದ, ಮಂತ್ರ ಹೇಳಿ ಮಡಿಲಿಗೆ ಹಾಕ್ಕೊಂಡಿದ್ದು. ಅವ ನಮ್ಮಾವ ಆದ."

ಮಂತ್ರ ಹೇಳಿದರೆ ರಕ್ತವೇ ಬದಲಾಗುತ್ತದೆ. ನಮ್ಮ ಅವ್ವನ ಮಡಿಲಿಗೆ ಆ ಯೋಗ್ಯತೆ ಇಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ತಮ್ಮದಲ್ಲದ ರಕ್ತದ ಜಂಬಕ್ಕೆ ಎತ್ತಿ ಆಡಿಸಿದ ಹುಡುಗಿಯನ್ನೇ ಹೊರಗೆ ಹಾಕಿದರಲ್ಲ... ಗೋಡೆಗೆ ಒರಗಿ ನಿಂತಿದ್ದ ಅವರ ಮಗ ಒಳಗಿನ ಕೋಣೆಗೆ ಹೋಗಿ ಕದ ಹಾಕಿಕೊಂಡ. ಮರುವರ್ಷ ಒಳ್ಳೆಯ ಮನೆತನದ ಹುಡುಗಿಯನ್ನು ಮಾಡಿಕೊಂಡ. ನಾವು ಹಿಮಾಯತ್‌ನಗರಕ್ಕೆ ಮನೆ ಬದಲಿಸಿದೆವು.

ಹೋದ ತಿಂಗಳು ಕಾಕಾ ತೀರಿಕೊಂಡ ಸುದ್ದಿ ಬಂತು. ತಿಥಿಯ ಊಟಕ್ಕೆ ಹೋದೆ. ಯಾಕೆ ಹೋದೆನೋ, ನನಗೇ ತಿಳಿಯದು. ಪಂಕ್ತಿಯಲ್ಲಿ ಪಕ್ಕಕ್ಕೆ ಕೂತಿದ್ದ ಹಿರಿಯ ಹೆಂಗಸೊಬ್ಬರು, "ನೀವು ಯಾರ ಪೈಕಿ ಆಗಬೇಕರಿ?" ಎಂದು ಕೇಳಿದರು.

"ಮೊದ್ಲ ಮಗ್ಗಲ ಮನ್ಯಾಗ ಇದ್ವಿರಿ," ಅಂದೆ.

ಹೋಳಿಗೆ ಬಡಿಸಿದರು. ಎಲೆಯ ಅಂಚಿಗೆ ಸರಿಸಿದೆ. ಕಾಕಾನ ಮೇಲಿನ ಸಿಟ್ಟು ನನಗಿನ್ನೂ ಹೋಗಿಲ್ಲ. ಒಂದು ದಿನ ಎದುರು ಕೂತು ಜಗಳವಾಡಬೇಕು ಅಂದುಕೊಂಡೇ ಇಷ್ಟು ವರ್ಷ ಕಳೆದೆ. ಈಗ ಜಗಳವಾಡೋಣವೆಂದರೆ ಕಾಕಾನೇ ಇಲ್ಲ.