ಎಕೆಹಾರ್ಟನ ಕುರ್ಚಿ

ಹಾರ್ತ್ಸ್ ಬೆಟ್ಟದ ತಪ್ಪಲಿನ ನಮ್ಮ ಆಟಿಕೆ ರೈಲು ಸಂಘದಲ್ಲಿ ಎಕೆಹಾರ್ಟನಷ್ಟು ಹಳಬ ಇನ್ನೊಬ್ಬನಿರಲಿಲ್ಲ. ದೊಡ್ಡ ರೈಲಿನ ಸಿಗ್ನಲ್ ಕ್ಯಾಬಿನ್‌ನಲ್ಲಿ ಮೂವತ್ತು ವರ್ಷ ದುಡಿದವನನ್ನು ಕಂಪ್ಯೂಟರ್ ಬಂದು ಮನೆಗೆ ಕಳುಹಿಸಿತ್ತು. ಆಮೇಲೆ ನಮ್ಮ ಮೇಜಿನ ಪಕ್ಕ ಕುರ್ಚಿ ಹಾಕಿಕೊಂಡು, ಪುಟ್ಟ ರೈಲುಗಳನ್ನು ಕಣ್ಣಲ್ಲೇ ಕಾಯುತ್ತ ಸಿಗ್ನಲ್ ಬದಲಿಸುತ್ತಿದ್ದ.

ಈ ವರ್ಷ ಹಳಿಗೆ, ರೈಲು ಬಂದದ್ದನ್ನು ತಾನೇ ಗುರುತಿಸಿ ಸಿಗ್ನಲ್ ಬದಲಿಸುವ ಇನ್‌ಫ್ರಾರೆಡ್ ಸೆನ್ಸರ್ ಹಾಕಲೇಬೇಕೆಂದು ಅಧ್ಯಕ್ಷ ಗುಂಟ್ರಾಮ್ ಹಠ ಹಿಡಿದ. ಆ ಕೆಲಸ ಬರುತ್ತಿದ್ದುದು ಎಕೆಹಾರ್ಟನೊಬ್ಬನಿಗೇ. ಮೂರು ತಿಂಗಳು ಮೇಜಿನಡಿ ಅಂಗಾತ ಮಲಗಿ, ಹಳಿಗಳ ನಡುವೆ ತೂತು ಕೊರೆದು, ಅಕ್ಕಿಕಾಳಿನಷ್ಟು ಪುಟ್ಟ ಕಣ್ಣುಗಳನ್ನು ಕೂರಿಸಿದ. ಬಿಸಿ ಬೆಸುಗೆ ಕೆನ್ನೆಗೆ ತೊಟ್ಟಿಕ್ಕಿದರೂ ಗೊಣಗಲಿಲ್ಲ.

ಪ್ರದರ್ಶನದ ಭಾನುವಾರ ಅವನ ಕುರ್ಚಿಯ ಜಾಗದಲ್ಲಿ ಬಿಯರ್ ಕ್ರೇಟ್ ಇಟ್ಟಿದ್ದೆವು. ಅಷ್ಟು ಮರ್ಯಾದಸ್ಥರು ನಾವು.

"ಇನ್ಮೇಲೆ ಕಾಯೋ ಕೆಲ್ಸ ಸೆನ್ಸರ್‌ದು ಕಣಯ್ಯಾ. ನೀನು ಹೋಗಿ ಆಲೂಗಡ್ಡೆ ಸಲಾಡ್ ಬಡಿಸು," ಎಂದ ಗುಂಟ್ರಾಮ್.

ಎಕೆಹಾರ್ಟ್ ಹಳಿಯ ಮೇಲೆ ಅಂಗೈ ಚಾಚಿದ. ಸೆನ್ಸರಿಗೆ ಅದೂ ರೈಲೇ. ಕೆಂಪು ದೀಪ ಹೊತ್ತಿತು, ಹಿಂದಿನಿಂದ ಬರುತ್ತಿದ್ದ ರೈಲು ನಿಂತಿತು. ನೋಡಲು ಬಂದವರೆಲ್ಲ ತಿರುಗಿದರು.

"ನೋಡ್ರಪ್ಪಾ, ಹಳಿ ಮೇಲೆ ಏನೋ ಇದೆ ಅಂತ ತೋರಿಸ್ತಿದೆ!" ಗುಂಟ್ರಾಮ್ ಕೂಗಿದ. "ಬಗ್ಗಿ ನೋಡಿದ್ರೆ ಏನೂ ಇಲ್ಲ, ಇವನಿದಾನೆ!"

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಕುರ್ಚಿ ಎತ್ತಿಟ್ಟವನೂ ನಾನೇ.

ಅವನು ಕೈ ತೆಗೆದ. ತಕ್ಷಣ ದೀಪ ಆರಿ ರೈಲು ಹೊರಟಿತು. ಅವನ ಕೆಲಸದಲ್ಲಿ ಒಂದು ಕುಂದೂ ಇರಲಿಲ್ಲ.